ಆ ಮಗುವಿನ ಸ್ವರ ತಪ್ಪಲ್ಲ

ಕಾಡಾನೆ ಸುದ್ದಿಗೆಂದು ವಿರಾಜಪೇಟೆ ಕಡೆ ಹೋಗಿದ್ದೆ. ಮಳೆ ಹಿಡಿಯಿತೆಂದು ಒಂದು ಶಾಲೆಯ ಜಗಲಿಯಲ್ಲಿ ನಿಂತೆ. ಒಳಗೆ ಒಂದನೇ ತರಗತಿಯ ಹುಡುಗಿ 'ನಾಡು' ಎಂಬುದನ್ನು 'ನಾಡ್' ಎಂದು ಓದಿದಳು. ಮೇಷ್ಟ್ರು ತಿದ್ದಿದರು. ಮತ್ತೆ ಹಾಗೇ ಓದಿದಳು. ಉಳಿದ ಮಕ್ಕಳು ನಕ್ಕರು. ಆಮೇಲೆ ಅವಳು ಬಾಯಿ ಬಿಡಲಿಲ್ಲ.

ಅವಳು ಉಕಾರ ನುಂಗಿರಲಿಲ್ಲ. ಕೊಡವ ತಕ್ಕಿನಲ್ಲಿ ಆ ಪದದ ಕೊನೆಗೆ ಇಕಾರವೂ ಅಲ್ಲದ, ಉಕಾರವೂ ಅಲ್ಲದ ಒಂದು ಸ್ವರವಿದೆ. ಕನ್ನಡದ 13 ಸ್ವರಗಳಲ್ಲಿ ಅದಕ್ಕೆ ಅಕ್ಷರವಿಲ್ಲ. ಅರ್ಧಾಕ್ಷರದಲ್ಲಿ ಬರೆಯುವುದು ರೂಢಿ.

ನಮ್ಮ ಜಿಲ್ಲೆಯಲ್ಲಿ ಕೊಡವ, ಅರೆಭಾಷೆ, ಯರವ, ಮಲಯಾಳಂ, ತುಳು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ, 'ಅ ಆ ಇ ಈ' ಸಾಲನ್ನು ಬಿಟ್ಟು 'ರ ಗ ಸ ದ ಅ'ದಿಂದ ಕಲಿಸುತ್ತದೆ. ಮಕ್ಕಳಿಗಾಗಿ ಅಕ್ಷರದ ಸಾಲನ್ನೇ ಬದಲಿಸಿದ್ದೇವೆ. ಅವರ ಕಿವಿಯ ಬಗ್ಗೆಯೂ ಯೋಚಿಸಬಾರದೇ?

ಸ್ಲೇಟಿಗಿಂತ ಮುಂಚೆ ಕಿವಿಗೆ ಪಾಠವಾಗಲಿ. ಬಳೆ, ಬಾಳೆ, ಕೆರೆ, ಕೇರೆ, ಕೊಡು, ಕೋಡು. ಮೊದಲ ಸ್ವರ ಗಿಡ್ಡವಿದ್ದರೆ ಒಂದು ಚಪ್ಪಾಳೆ, ಉದ್ದವಿದ್ದರೆ ಎರಡು. 'ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?' ಎಂದು ಕೇಳಲಿ. ಎರಡನ್ನೂ ಜೊತೆಗಿಟ್ಟು ಹೇಳಿಸಿದರೆ ವ್ಯತ್ಯಾಸ ಮಗುವಿಗೇ ತಿಳಿಯುತ್ತದೆ. ಶಿಕ್ಷಕರ ಒಂದು ಸಮಾಲೋಚನಾ ಸಭೆಗೆ ಊರಿನ ನಾಲ್ಕು ಭಾಷೆಯ ಹಿರಿಯರನ್ನು ಕರೆದು ಮಾತಾಡಿಸಿದರೆ ಸಾಕು. ಖರ್ಚು ಚಹಾದ್ದು ಮಾತ್ರ.

ಮಕ್ಕಳು ಕನ್ನಡವನ್ನು ಚೆನ್ನಾಗಿಯೇ ಕಲಿಯಬೇಕು. ಅದಕ್ಕಾಗಿ ಮನೆಮಾತಿಗೆ ನಾಚಬೇಕಾಗಿಲ್ಲ. ಉಚ್ಚಾರ ವರ್ಷದೊಳಗೆ ಸರಿಹೋದೀತು. ಹೆದರಿ ಸುಮ್ಮನಾದ ಮಗುವನ್ನು ಮತ್ತೆ ಓದಿಸುವುದೇ ಕಷ್ಟ.