ಬೆಂಕಿ ಬೀಳುವ ಮುನ್ನವೇ ಬಾವಿ



ಕೆಲವು ವರ್ಷಗಳ ಹಿಂದೆ ನನ್ನ ಅಡಿಕೆ ತೋಟದ ಮೊದಲ ಫಸಲು ಬಂದಾಗ, ಸುಲಿಯುವವರಾರು, ಬೇಯಿಸುವ ಹದವೇನು, ಕೊಳ್ಳುವವರಾರು ಎಂಬುದೊಂದೂ ನನಗೆ ತಿಳಿದಿರಲಿಲ್ಲ. ತೋಟದಲ್ಲೇ ಹಸಿಕಾಯಿ ವಹಿಸಿಕೊಳ್ಳುವ ಚೇಣಿದಾರರೊಬ್ಬರು ಹೇಳಿದ ದರಕ್ಕೆ ತಲೆಯಾಡಿಸಿದೆ. ಅದೇ ವಾರ ಪಕ್ಕದ ತಾಲ್ಲೂಕಿನಲ್ಲಿ ಹೆಚ್ಚಿನ ದರ ನಡೆದಿತ್ತೆಂದು ಆಮೇಲೆ ತಿಳಿಯಿತು. ತಪ್ಪು ಅವರದಲ್ಲ. ಪದವೀಧರನಾಗಿದ್ದೂ, ಒಂದು ಮಾತು ಕೇಳಿ ತಿಳಿಯಲು ಅಡಿಕೆಯವರೊಬ್ಬರ ಒಡನಾಟವೂ ನನಗಿರಲಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮಗೆ ರೇಷ್ಮೆ, ದ್ರಾಕ್ಷಿ, ಟೊಮೆಟೊ ಹಳೆಯ ನಂಟು, ಅಡಿಕೆ ಹೊಸದು. ಕೊಳವೆಬಾವಿಯನ್ನು ನಂಬಿ ಸಸಿ ನೆಟ್ಟೆವು, ಬಳಗ ಬೆಳೆಸಲಿಲ್ಲ. ಆದರೆ ಬಳಗದ ಬೆಲೆ ನಮಗೆ ತಿಳಿಯದ್ದೇನಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಎಲ್ಲರಿಗೂ ಒಂದೇ. ಆದರೂ ಹರಾಜು ಮುಗಿದ ಮೇಲೆ ರೀಲರನ್ನು ಕಂಡು, "ಕಳೆದ ಸಲದ ಗೂಡು ಹೇಗೆ ಬಿಚ್ಚಿತು ಸ್ವಾಮಿ?" ಎಂದು ವಿಚಾರಿಸುವ ರೈತನಿಗೆ ಮುಂದಿನ ಬೆಳೆಯನ್ನು ತಿದ್ದಿಕೊಳ್ಳುವ ದಾರಿ ಸಿಗುತ್ತದೆ.

ಅಡಿಕೆಯವರ ಚರಿತ್ರೆಯೂ ಇದನ್ನೇ ಹೇಳುತ್ತದೆ. 1970ರ ಆಸುಪಾಸಿನಲ್ಲಿ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಂದುಗೂಡಿಸಿದರು. 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯವರ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೊ ಕೇಳುವವರಿಲ್ಲದಾದಾಗ ಹೊಸದಾಗಿ ಸಂಘ ಕಟ್ಟಬೇಕಾಗಲಿಲ್ಲ. ಇದ್ದ ಸಂಸ್ಥೆಯೇ ಕೊಕ್ಕೊ ಖರೀದಿಸಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಕಾಫಿಯವರ ಅನುಭವ ಬೇರೆ ಬಗೆಯದು. ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುವ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಕೊನೆಗೊಂಡಿತು. ಅಲ್ಲಿಂದ ಮುಂದೆ ಕ್ಯೂರಿಂಗ್‌ನವರನ್ನೂ ವ್ಯಾಪಾರಿಯನ್ನೂ ಬೆಳೆಗಾರನೇ ಅರಿತು ನಡೆಯಬೇಕಾಯಿತು.

ಒಡನಾಟವೆಂದರೆ ವಶೀಲಿಯೇ ತಾನೇ ಎಂದು ಕೆಲವರು ಮೂಗು ಮುರಿಯುವುದುಂಟು. ಹಾಗಲ್ಲ. ವಶೀಲಿಯವನು ಕೆಲಸವಿದ್ದಾಗ ಮಾತ್ರ ಬಾಗಿಲು ತಟ್ಟುತ್ತಾನೆ, ಇನ್ನೊಬ್ಬರ ಸರದಿಯನ್ನು ಕಸಿಯುತ್ತಾನೆ. ಒಡನಾಡಿ ತಾನು ಕಲಿತದ್ದನ್ನು ಮೊದಲು ಹಂಚುತ್ತಾನೆ. ಸಮಾವೇಶದಲ್ಲಿ ವಿಸಿಟಿಂಗ್ ಕಾರ್ಡು ಜೇಬಿಗಿಳಿಸಿ, ಊಟ ಮುಗಿಸಿ ಬಂದರೆ ಅದು ಒಡನಾಟವಾಗದು.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಫಸಲಿಗೆ ಮುಂಚೆಯೇ ತುಮಕೂರು, ಶಿವಮೊಗ್ಗ ಕಡೆಯ ಒಬ್ಬ ಹಳೆಯ ಅಡಿಕೆ ಬೆಳೆಗಾರರನ್ನು ಕಂಡು ಬನ್ನಿ. ಮೊದಲ ಭೇಟಿಯಲ್ಲಿ ಏನನ್ನೂ ಬೇಡಬೇಡಿ. ಹನಿ ನೀರಾವರಿಯಲ್ಲಿ ಕೊರತೆಯ ನೀರನ್ನು ನಿಭಾಯಿಸಿದ ನಮ್ಮ ಅನುಭವವೂ ಅವರಿಗೆ ಬೇಕಾದೀತು, ಅದನ್ನು ಹೇಳಿ. ಅವರು ಕೊಟ್ಟ ಸಲಹೆ ಫಲಿಸಿತೋ ಇಲ್ಲವೋ, ಮರೆಯದೆ ತಿಳಿಸಿ. ನಿಮಗೆ ಸಿಕ್ಕ ದರವನ್ನು ಪಕ್ಕದ ತೋಟದವರಿಂದ ಬಚ್ಚಿಡಬೇಡಿ. ಕೊಟ್ಟ ಮಾತಿಗೆ ತಪ್ಪಬೇಡಿ.

ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮಗೆಲ್ಲ ಬಾಯಿಪಾಠ. ಆ ಗಾದೆಗೆ ಉದಾಹರಣೆಯಾಗಿ ನಾನೊಬ್ಬ ಸಾಕು.

— ಕಾರ್ಯದರ್ಶಿ