ಎದುರಾಳಿಯ ಮೊಣಕಾಲು

ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಆಸುಪಾಸಿನ ಜಾತ್ರೆಗಳಲ್ಲಿ ಹಲಗೆಯ ಬಡಿತದ ನಡುವೆ ನಡೆಯುವ ನಿಕಾಲಿ ಕುಸ್ತಿಯನ್ನು ನೋಡಿದವರಿಗೆ ಒಂದು ಸಂಗತಿ ವಿದಿತವಾಗಿರಬೇಕು: ಮೇಲೆ ಬಿದ್ದ ಎದುರಾಳಿಯ ಹಿಡಿತದಿಂದ ನುಣುಚಿಕೊಂಡು ಅವನನ್ನೇ ಚಿತ್ ಮಾಡಿದ ಪೈಲವಾನನನ್ನು ಕುರಿತು, ನೆರೆದ ಜನ “ನಸೀಬ ಚಲೋ ಇತ್ತು” ಎಂದೋ “ಬರೋಬರಿ ಅಂದಾಜ ಮಾಡಿದ” ಎಂದೋ ತೀರ್ಪು ಕೊಟ್ಟು ಮುಂದಿನ ಜೋಡಿಯ ಕಡೆಗೆ ತಿರುಗುತ್ತಾರೆ. ಈ ಎರಡು ಮಾತುಗಳೂ ಆ ಪೈಲವಾನನಿಗೆ ಅನ್ಯಾಯವನ್ನೇ ಮಾಡುತ್ತವೆ ಎಂದು ನನ್ನ ಎಣಿಕೆ.

ಕಲಾಜಂಗ್ ಎಂಬ ಪಟ್ಟನ್ನೇ ನೋಡೋಣ. ಅದನ್ನು ಹಾಕಹೊರಟವನು ಎದುರಾಳಿಯ ತೋಳನ್ನು ಬಿಗಿಹಿಡಿದು ತನ್ನತ್ತ ಸೆಳೆದು, ತಲೆಯನ್ನು ಅವನ ಕಂಕುಳ ಕೆಳಗೆ ತೂರಿಸಿ, ಮತ್ತೊಂದು ಕೈಯಿಂದ ತೊಡೆಯನ್ನು ಅವುಚಿ, ಇಡೀ ದೇಹವನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಮಣ್ಣಿಗೆ ಕೆಡಹಬೇಕು. ಇಷ್ಟೂ ಕ್ರಿಯೆ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವುದಾದರೂ, ತಲೆ ಕೆಳಗಿಳಿಯುವುದಕ್ಕೆ ಮೊಣಕಾಲು ಬಾಗಲೇಬೇಕೆಂಬುದು ದೇಹಧರ್ಮ. ಅದನ್ನು ಯಾವ ಮಲ್ಲನೂ ಮೀರಲಾರ. “ತಮ್ಮಾ, ಮಾರಿ ನೋಡಬ್ಯಾಡ, ಮಣಕಾಲ ನೋಡು, ಮಾರಿ ಸುಳ್ಳ ಹೇಳತೈತಿ” ಎಂದು ಗರಡಿಮನೆಯ ಉಸ್ತಾದರು ಹುಡುಗರನ್ನು ಗದರುವುದರ ಮರ್ಮ ಇದೇ. ಮೊಣಕಾಲು ಬಾಗಿದ್ದನ್ನು ಕಂಡವನು ಕಾಲುಗಳನ್ನು ಹಿಂದಕ್ಕೆ ಚಾಚಿ ಎದೆಯ ಭಾರವನ್ನೆಲ್ಲ ಎದುರಾಳಿಯ ಹೆಗಲಿಗೆ ಹೇರುತ್ತಾನೆ. ಬಾಗಿದ್ದು ಬರಿಯ ಸೋಗಾಗಿದ್ದು, ಆತ ಸರಕ್ಕನೆ ಬೆನ್ನು ತಿರುಗಿಸಿ ಧೋಬಿಪಛಾಡವೆಂಬ ಇನ್ನೊಂದು ಪಟ್ಟಿಗೆ ಹೊರಳಿದನೆನ್ನಿ. ಸೊಂಟವನ್ನು ದೂರವಿರಿಸಿಕೊಂಡವನನ್ನು ಎತ್ತಿ ಒಗೆಯುವುದು ಆಗಲೂ ಸುಲಭವಲ್ಲ. ಇದಕ್ಕೆ ಪ್ರತಿಯಾಗಿ, ಇವನು ಕಲಾಜಂಗನ್ನೇ ಹಾಕುತ್ತಾನೆಂದು ಯಾವ ಸೂಚನೆಯೂ ಇಲ್ಲದೆ ಮನಸ್ಸಿನಲ್ಲೇ ನಿಶ್ಚಯಿಸಿ ಮೊದಲೇ ಮೇಲೆರಗಿದವನು, ಎಣಿಕೆ ನಿಜವಾದರೆ ಜಗಜಟ್ಟಿ, ಸುಳ್ಳಾದರೆ ಅಂಗಾತ.

ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯವನಿಗೆ ಲಿಂಗದರ್ಶನವೂ, ಎಂದರೆ ಕುರುಹಿನ ಕಾಣ್ಕೆಯೂ ಉಂಟು, ವ್ಯಾಪ್ತಿಜ್ಞಾನವೂ, ಎಂದರೆ ಆ ಕುರುಹಿಗೂ ಅದು ಸೂಚಿಸುವುದಕ್ಕೂ ಇರುವ ಬಿಡದ ನಂಟಿನ ಅರಿವೂ ಉಂಟು. ಎರಡನೆಯವನು ಹೊಗೆಯಿಲ್ಲದ ಗುಡ್ಡವನ್ನು ನೋಡಿ ಬೆಂಕಿಯೆಂದು ಕೂಗಿದವನು. ವ್ಯಾಪ್ತಿಜ್ಞಾನವೆಂಬುದು ಪುಸ್ತಕದಿಂದ ಬರತಕ್ಕದ್ದಲ್ಲ, ಮಣ್ಣಿನಲ್ಲಿ ಹೊರಳಿ ಹೊರಳಿ ಮೈಗೆ ಹತ್ತಬೇಕಾದದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಪಟ್ಟುಗಳ ಜೊತೆಗೆ ಅವರ ಆಹಾರವನ್ನೂ ವ್ಯಾಯಾಮವನ್ನೂ ವಿವರಿಸಿರುವುದು ಇದೇ ಕಾರಣಕ್ಕಾಗಿರಬೇಕು.

ಕಬಡ್ಡಿಯಲ್ಲಿ ಇದೇ ವಿಚಾರ ಬೇರೆ ರೂಪದಿಂದ ಬರುತ್ತದೆ. ಈಗಿನ ನಿಯಮದಂತೆ ಎರಡು ದಾಳಿಗಳು ಬರಿದಾದ ಮೇಲೆ ಮೂರನೆಯ ದಾಳಿಗೆ ಬಂದವನು 30 ಸೆಕೆಂಡುಗಳೊಳಗೆ ಅಂಕ ಗಳಿಸದಿದ್ದರೆ ಔಟು. ಅಂದಮೇಲೆ ಅವನು ಮುನ್ನುಗ್ಗುವನೋ ಇಲ್ಲವೋ ಎಂದು ರಕ್ಷಕರು ತಲೆ ಕೆಡಿಸಿಕೊಳ್ಳಬೇಕಾದದ್ದಿಲ್ಲ, ಯಾರ ಮೇಲೆ ನುಗ್ಗುವನೆಂಬುದೊಂದೇ ಉಳಿಯುತ್ತದೆ.

ಹುಡುಗರು ಪರದೆಯ ಮೇಲೆ ಆಡುವ ಕಾಳಗದ ಆಟಗಳನ್ನು ಹಿರಿಯರು ಹಗುರವಾಗಿ ಕಾಣುವುದುಂಟು. ಆದರೆ 2004ರಲ್ಲಿ ಅಮೆರಿಕೆಯ ಇವೊ ಪಂದ್ಯಾವಳಿಯಲ್ಲಿ ‘ಸ್ಟ್ರೀಟ್ ಫೈಟರ್ 3’ ಆಡುತ್ತಿದ್ದ ಜಪಾನಿನ ದಾಯಿಗೊ ಉಮೆಹರ ತೋರಿದ ರಕ್ಷಣೆಯನ್ನು ನಮ್ಮ ಉಸ್ತಾದರು ನೋಡಿದ್ದರೆ ತಲೆದೂಗುತ್ತಿದ್ದರು. ಪರದೆಯ ಮೇಲಿನ ಅವನ ಪಾತ್ರದಲ್ಲಿ ಪ್ರಾಣ ಎಳೆಯಷ್ಟೇ ಉಳಿದಿತ್ತು; ಎದುರಾಳಿ ಜಸ್ಟಿನ್ ವಾಂಗ್ ಆಡಿಸುತ್ತಿದ್ದ ಚುನ್-ಲಿ ಎಂಬ ಪಾತ್ರ ಎಸಗುವ 15 ಒದೆತಗಳ ಮಹಾಪ್ರಹಾರವನ್ನು ಸುಮ್ಮನೆ ಅಡ್ಡಗಟ್ಟಿದರೂ ಸಾವು ಖಚಿತ; ಬದುಕಬೇಕಾದರೆ ಒಂದೊಂದು ಒದೆತದ ಗಳಿಗೆಗೂ ಸರಿಯಾಗಿ ಜಾಯ್‌ಸ್ಟಿಕ್ ಕೋಲನ್ನು ಮುಂದಕ್ಕೆ ತಳ್ಳಬೇಕು. ಕಣ್ಣು ಕಂಡು ಕೈ ಚಲಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕಾಗುವುದರಿಂದ, ಮೊದಲ ಒದೆತವನ್ನು ನೋಡಿ ತಡೆಯುವ ಮಾತೇ ಇಲ್ಲ. ಅವನು ತಡೆದ, ಹದಿನೈದನ್ನೂ ತಡೆದ, ಗೆದ್ದ. ಅದು ಅದೃಷ್ಟವೆಂದು ನಾನು ಒಪ್ಪುವುದಿಲ್ಲ: ಇಂಥ ಸ್ಥಿತಿಯಲ್ಲಿ ಎದುರಾಳಿಗೆ ಆ ಮಹಾಪ್ರಹಾರಕ್ಕಿಂತ ಆಕರ್ಷಕವಾದ ಮತ್ತೊಂದು ದಾರಿ ಕಾಣದೆಂಬುದು ಸ್ಪಷ್ಟವಿತ್ತು, ಉಳಿದ ಹದಿನಾಲ್ಕು ಒದೆತಗಳ ಲಯ ಅಭ್ಯಾಸದಿಂದ ಕೈಗೆ ಬಂದಿತ್ತು. ಆ ಪಂದ್ಯಾವಳಿಯ ಪ್ರಶಸ್ತಿಯಾದರೋ ಅವನಿಗೆ ದೊರೆಯಲಿಲ್ಲ.

ಹೀಗೆ ನಿಪುಣನಾದ ರಕ್ಷಕನು ಎದುರಾಳಿಯ ಅಂತರಂಗವನ್ನು ಬಲ್ಲವನಲ್ಲ, ಎದುರಾಳಿಗಿರುವ ದಾರಿಗಳನ್ನು ಕಡಿಮೆ ಮಾಡಬಲ್ಲವನು. ತನ್ನ ನಿಲುವಿನಿಂದಲೇ ಏಳರಲ್ಲಿ ಐದನ್ನು ಮುಚ್ಚಿ, ಉಳಿದೆರಡನ್ನು ಮಾತ್ರ ಕಾಯುತ್ತಾನೆ. ಆ ಎರಡರ ನಡುವೆ ಯಾವ ಕುರುಹೂ ಸಿಕ್ಕದ ಗಳಿಗೆ ಬರುವುದಿಲ್ಲವೆಂದಲ್ಲ, ಬಂದೇ ಬರುತ್ತದೆ. ಆಗ ಯಾವುದು ಸಂಭವವೆಂಬುದಕ್ಕಿಂತ ಯಾವ ತಪ್ಪಿಗೆ ದಂಡ ಕಡಿಮೆಯೆಂದು ನೋಡಿ ಆರಿಸಿಕೊಳ್ಳುವುದೇ ವಿವೇಕ. ಅದೂ ಕೈಕೊಡುವುದುಂಟು. ರಣರಂಗದ ರಕ್ಷಕನಿಗೂ ಇದು ತಪ್ಪಿದ್ದಲ್ಲ: ಹರ್ಷವರ್ಧನನನ್ನು ನರ್ಮದೆಯಲ್ಲಿ ತಡೆದು ನಿಲ್ಲಿಸಿದ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ರಾಜಧಾನಿ ಬಾದಾಮಿಯೇ 642ರಲ್ಲಿ ಪಲ್ಲವ ನರಸಿಂಹವರ್ಮನ ವಶವಾಯಿತು. ಗೆದ್ದವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ.

ಮುಂದಿನ ಜಾತ್ರೆಯಲ್ಲಿ ಕುಸ್ತಿ ನೋಡಲು ಕುಳಿತಾಗ, ಓದುಗರು ಎತ್ತಿ ಒಗೆಯುವ ಆ ಒಂದು ಗಳಿಗೆಗಾಗಿ ಕಾಯದೆ, ಅದಕ್ಕೆ ಮುಂಚೆ ಇಬ್ಬರೂ ಕೈ ಹಿಡಿದು ಸುತ್ತುತ್ತಿರುವಾಗ ಏನೂ ನಡೆಯುತ್ತಿಲ್ಲವೆಂದು ಜನ ಗೊಣಗುವ ಹೊತ್ತಿನಲ್ಲಿ, ಅವರ ಕಾಲುಗಳನ್ನು ನೋಡಬೇಕೆಂದು ಕೋರುತ್ತೇನೆ.