ಅಕ್ಕಿ ತಿಂದವರು ಸೋಮಾರಿಗಳೇ?

“ಸರಕಾರ ಪುಕ್ಕಟೆ ಅಕ್ಕಿ ಕೊಟ್ಟು ಬಡವರನ್ನು ಸೋಮಾರಿಗಳನ್ನಾಗಿಸಿದೆ, ಕೂಲಿಗೆ ಆಳೇ ಸಿಗುವುದಿಲ್ಲ.” 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಜಾರಿಗೆ ಬಂದಂದಿನಿಂದ ಈ ಮಾತು ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಪೂಜೆ ಮುಗಿದ ನಂತರ ದೇವಾಲಯದ ಅಂಗಳದಲ್ಲಿಯೂ ಕೇಳಿಬರುತ್ತಿದೆ. ಹೊಟ್ಟೆ ತುಂಬಿದವರು ನಿರಾಯಾಸವಾಗಿ ಆಡುವ ಈ ಮಾತನ್ನು ಬಳ್ಳಾರಿಯ ನೆಲದಲ್ಲಿ ನಿಂತು ಪರೀಕ್ಷಿಸೋಣ.

ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ನೂತನ ಶಿಲಾಯುಗದ ಜನ ನೆಲೆಸಿದ್ದರು. ಉತ್ಖನನದಲ್ಲಿ ದೊರೆತ ಕರಿಕಾದ ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಅವರು ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ಗುರುತಿಸಿದ್ದಾರೆ. ಒಣನೆಲದಲ್ಲಿಯೂ ಅನ್ನ ಹುಟ್ಟಿಸುವ ವಿದ್ಯೆ ಇಲ್ಲಿಗೆ ಹೊಸದಲ್ಲ. ಅಂಥ ಸೀಮೆಯಲ್ಲಿಯೇ 1876-78ರ ಭೀಕರ ಕ್ಷಾಮ ಸಂಭವಿಸಿತು. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಮಳೆ ಕೈಕೊಟ್ಟಿದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಸಾಗುತ್ತಿತ್ತು! ಧಾನ್ಯದ ವ್ಯಾಪಾರದಲ್ಲಿ ಸರಕಾರ ಕೈಹಾಕಬಾರದೆಂಬುದು ವೈಸರಾಯ್ ಲಿಟ್ಟನ್‌ನ ನಿಲುವು. ಅವನು ಕಳುಹಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲಷ್ಟು ಚಿಲ್ಲರೆ ಕಾಸು ಸಾಕೆಂದು ಕೂಲಿಯನ್ನು ಇಳಿಸಿದ. ಧಾರಾಳವಾಗಿ ಕೊಟ್ಟರೆ ಜನ ಮೈಗಳ್ಳರಾದಾರೆಂಬ ಭೀತಿ ಆ ದೊರೆಗಳದು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದ ಬಳಿಕವಷ್ಟೇ ಕೂಲಿ ತುಸು ಏರಿತು. ನಾವಿಂದು ಆಡುತ್ತಿರುವುದು ಆ ದೊರೆಗಳ ಮಾತನ್ನೇ ಅಲ್ಲವೇ?

ಇದು ಹಳೆಯ ಕಥೆ ಎನ್ನುವವರು ಪಶ್ಚಿಮ ಆಫ್ರಿಕದ ನೈಜರ್ ದೇಶದತ್ತ ನೋಡಲಿ. ಅಲ್ಲಿಯವರೂ ನಮ್ಮಂತೆ ಸಜ್ಜೆ, ಜೋಳ ಉಣ್ಣುವ ಜನ. 2004ರಲ್ಲಿ ಬರ ಮತ್ತು ಮಿಡತೆಗಳ ಹಾವಳಿಯಿಂದ ಬೆಳೆ ಕುಗ್ಗಿತು. 2005ರಲ್ಲಿ ಸಂತೆಗಳಲ್ಲಿ ಸಜ್ಜೆಯಿತ್ತು. ಏರಿದ ಬೆಲೆಗೆ ಕೊಳ್ಳುವ ಕಾಸು ಬಡವರ ಕೈಯಲ್ಲಿರಲಿಲ್ಲ. ಪುಕ್ಕಟೆ ಹಂಚಿದರೆ ಮಾರುಕಟ್ಟೆ ಕೆಟ್ಟೀತೆಂದು ಆಳುವವರು ಹಿಂಜರಿದರು. ಸೊರಗಿದ ಕೂಸುಗಳ ಚಿತ್ರಗಳನ್ನು ಲೋಕ ಕಂಡ ಮೇಲೆಯೇ ದೊಡ್ಡ ಪ್ರಮಾಣದ ಉಚಿತ ವಿತರಣೆ ಆರಂಭವಾಯಿತು. ಧಾನ್ಯ ಇರುವುದು ಬೇರೆ, ಅದು ಬಡವನ ಬಟ್ಟಲಿಗೆ ಬರುವುದು ಬೇರೆ ಎಂಬುದನ್ನು ಅಮರ್ತ್ಯ ಸೇನ್ 1981ರಲ್ಲಿಯೇ ವಿವರಿಸಿದ್ದರು.

ಇನ್ನು ಸೋಮಾರಿತನದ ಲೆಕ್ಕ. ತಲೆಗೆ ತಿಂಗಳಿಗೆ 10 ಕಿಲೋ ಕೊಟ್ಟರೂ ದಿನಕ್ಕೆ 333 ಗ್ರಾಂ. ಟೆಂಪಲ್‌ನ ಪೌಂಡಿಗಿಂತಲೂ ಕಡಿಮೆ! ಬೇಳೆ, ಎಣ್ಣೆ, ಔಷಧ, ಮಕ್ಕಳ ಪುಸ್ತಕ, ಮನೆ ಬಾಡಿಗೆ ಇವೆಲ್ಲ ಅಕ್ಕಿಯಿಂದ ಬರುತ್ತವೆಯೇ? ದುಡಿಯದೆ ಗತಿಯಿಲ್ಲ. ಆಗಿರುವುದಿಷ್ಟೇ: ಮರುದಿನದ ಗಂಜಿಗಾಗಿ ಅರೆಕೂಲಿಗೆ ತಲೆಬಾಗಲೇಬೇಕಾದ ಅನಿವಾರ್ಯ ತುಸು ತಗ್ಗಿದೆ. ನಮಗೆ ನೋವಾಗಿರುವುದು ಅವರ ಸೋಮಾರಿತನದಿಂದಲೋ, ಅಗ್ಗದ ಆಳು ತಪ್ಪಿಹೋದುದರಿಂದಲೋ?

ಅಕ್ಕಿಯ ಬದಲು ಹಣ ಕೊಟ್ಟರಾಯಿತೆನ್ನುವವರೂ ಉಂಟು. 2023ರ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ರಾಜ್ಯ ತಲೆಗೆ 170 ರೂಪಾಯಿ ನೀಡಿತು. 2025ರ ಫೆಬ್ರವರಿಯಲ್ಲಿ ಅಕ್ಕಿಯೇ ಮರಳಿತು. ಅಂಗಡಿಯ ಬೆಲೆ ಏರಿದಾಗ 170 ರೂಪಾಯಿ ತಾನಾಗಿ ಏರುವುದಿಲ್ಲ. ಆದರೆ 5 ಕಿಲೋ 5 ಕಿಲೋ ಆಗಿಯೇ ಉಳಿಯುತ್ತದೆ.

ಬೆಳೆಯುವವನ ಪಾಡೂ ಇದಕ್ಕಿಂತ ಬೇರೆಯಲ್ಲ. ತುಂಗಭದ್ರೆಯ ಕಾಲುವೆ ಸಿರುಗುಪ್ಪವನ್ನು ಭತ್ತದ ಕಣಜವಾಗಿಸಿತು. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪೇರಿತು. ಆದರೆ ಮೆಣಸಿನಕಾಯಿಗೆ ಕನಿಷ್ಠ ಬೆಂಬಲ ಬೆಲೆಯೇ ಇಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ದಿಢೀರನೆ ಕುಸಿದಾಗ ರೈತರ ಆಕ್ರೋಶ ವಾಹನಗಳಿಗೆ ಬೆಂಕಿ ಇಡುವಷ್ಟಕ್ಕೆ ಹೋಯಿತು. ಆ ಹಿಂಸೆಯನ್ನು ಒಪ್ಪಲಾಗದು. ಅದರ ಹಿಂದಿನ ಹತಾಶೆಯನ್ನು ಅಲ್ಲಗಳೆಯಲೂ ಆಗದು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಕೊಳ್ಳುವ ಬಡವನೂ ಸೋಲುತ್ತಾನೆ, ಮಾರುವ ಬಡವನೂ ಸೋಲುತ್ತಾನೆ.

ಆದ್ದರಿಂದ ಪ್ರಿಯ ಓದುಗರೇ, ಪಡಿತರವನ್ನು ಹಳಿಯುವ ಬದಲು ಅದನ್ನು ಉತ್ತಮಗೊಳಿಸಲು ಒತ್ತಾಯಿಸೋಣ. ನಮ್ಮ ರೈತರ ಜೋಳವನ್ನು ಬೆಂಬಲ ಬೆಲೆಗೆ ಸಕಾಲದಲ್ಲಿ ಕೊಂಡು, ವಿಳಂಬವಿಲ್ಲದೆ ಹಣ ಪಾವತಿಸಿ, ಅದೇ ಜೋಳವನ್ನು ನ್ಯಾಯಬೆಲೆ ಅಂಗಡಿಯಲ್ಲಿ ನಿಯಮಿತವಾಗಿ ಹಂಚಲಿ. ಗ್ರಾಮಸಭೆಯಲ್ಲಿ ಎದ್ದುನಿಂತು ಇದನ್ನು ಕೇಳುವ ಹಕ್ಕು ನಮಗಿದೆ. ಕೂಲಿಯಾಳು ಸಾಲದೆಂದು ಗೊಣಗುವವರು ಮೊದಲು ನ್ಯಾಯವಾದ ಕೂಲಿ ಕೊಟ್ಟು ನೋಡಲಿ. ಅನ್ನ ಭಿಕ್ಷೆಯಲ್ಲ, ಹಕ್ಕು. ಪಡೆದವನನ್ನು ಹೀಗಳೆಯುವ ಅಧಿಕಾರ ಯಾರಿಗೂ ಇಲ್ಲ.